ಉಣ್ಣೆ ಮೂಟೆಯ ಮೇಲೆ ಕೂತ ಪಾರ್ಲಿಮೆಂಟು

ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸಭೆ ನಡೆಸುವವರಿಗೆ ಕೂರಲು ಕುರ್ಚಿಯಿಲ್ಲ, ಮೂಟೆಯಿದೆ. ಕೆಂಪು ಬಟ್ಟೆ ಹೊದಿಸಿದ, ಹಾಸಿಗೆಯಷ್ಟು ಅಗಲದ ಉಣ್ಣೆ ಮೂಟೆ. ಹೆಸರೂ ಅದೇ, ವುಲ್‌ಸ್ಯಾಕ್. 14ನೇ ಶತಮಾನದಲ್ಲಿ ಮೂರನೇ ಎಡ್ವರ್ಡ್ ದೊರೆ ಅದನ್ನು ಅಲ್ಲಿ ಇಡಿಸಿದ ಎಂಬುದು ವಾಡಿಕೆಯ ಮಾತು. ನಾಡಿನ ಸಿರಿ ಎಲ್ಲಿಂದ ಬರುತ್ತಿದೆ ಎಂಬುದನ್ನು ದೊಡ್ಡವರು ಮರೆಯದಿರಲಿ ಅಂತ. 1938ರಲ್ಲಿ ಬಿಚ್ಚಿ ನೋಡಿದರೆ ಒಳಗೆ ಉಣ್ಣೆಯೇ ಇಲ್ಲ, ಕುದುರೆ ಕೂದಲು! ಆಮೇಲೆ ಕಾಮನ್‌ವೆಲ್ತ್ ದೇಶಗಳ ಉಣ್ಣೆ ತರಿಸಿ ಮತ್ತೆ ತುಂಬಿಸಿದರು.

ನನಗೆ ಈ ಮೂಟೆಯ ಮೇಲೆ ಒಂದು ಬಗೆಯ ಮಮತೆ. ಶಾಲೆಯಲ್ಲಿ ನಾವು ಓದಿದ ಪಾಠದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಅಲ್ಲಿದ್ದದ್ದು ಜಾನ್ ಎಂಬ ಕೆಟ್ಟ ದೊರೆ, ಅವನ ಕೈ ಹಿಡಿದು ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಗೆ ಹಾಕಿಸಿದ ಧೀರರು, ಅಲ್ಲಿಂದ ನೇರವಾಗಿ ಪ್ರಜಾಪ್ರಭುತ್ವ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ಆದರೆ 1215ರಿಂದ 1500ರ ತನಕದ ಇಂಗ್ಲೆಂಡಿನ ಲೆಕ್ಕಪತ್ರ ತೆಗೆದು ಕೂತರೆ ಕಾಣುವ ಕಥೆ ಬೇರೆ. ಪಾರ್ಲಿಮೆಂಟನ್ನು ಕಟ್ಟಿದವರು ದೊರೆಗಳೇ, ಅದೂ ತಮ್ಮ ದುಡ್ಡಿನ ಗರಜಿಗೆ. ಗರಜು ಮುಗಿದ ಮೇಲೆ ಅದನ್ನು ಕಳಚಿ ಇಡಲು ಹೋದರು, ಆಗಲಿಲ್ಲ. ಅಷ್ಟರಲ್ಲಿ ಗರಜು ಮತ್ತೆ ಬರುತ್ತಿತ್ತು.

ಆ ಕಾಲದ ನಂಬಿಕೆಯ ಪ್ರಕಾರ ಅರಸ ತನ್ನದರಲ್ಲೇ ಬದುಕಬೇಕು. ತನ್ನ ಜಮೀನು, ತನ್ನ ಕಾಡು, ನ್ಯಾಯಾಲಯದಲ್ಲಿ ಬೀಳುವ ದಂಡ, ಸಾಮಂತರು ವಾರಸುದಾರಿಕೆಗೆ ಕೊಡುವ ಕಾಣಿಕೆ, ಇಷ್ಟರಲ್ಲೇ ಅರಮನೆ ನಡೆಯಬೇಕು. ಇದರ ಮೇಲೆ ಕೇಳಬಹುದಾದ ಸಂದರ್ಭ ಮೂರೇ: ದೊರೆ ಸೆರೆ ಸಿಕ್ಕರೆ ಬಿಡಿಸಲು, ಹಿರಿಮಗನಿಗೆ ನೈಟ್ ಪದವಿ ಕೊಡುವಾಗ, ಹಿರಿಮಗಳ ಮದುವೆಗೆ. ಮನೆಯ ಯಜಮಾನ ನೆಂಟರ ಮುಂದೆ ಕೈಯೊಡ್ಡುವ ಸಂದರ್ಭಗಳ ಹಾಗೆಯೇ ಇವೆ, ನೋಡಿ.

ಲೆಕ್ಕ ಮಾತ್ರ ಕಟ್ಟುನಿಟ್ಟು. ವರ್ಷಕ್ಕೆರಡು ಸಲ, ಈಸ್ಟರ್ ಹೊತ್ತಿಗೊಮ್ಮೆ, ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬಕ್ಕೊಮ್ಮೆ, ಕೌಂಟಿಗಳ ಶೆರಿಫರು ಖಜಾನೆಗೆ ಬರಬೇಕು. ಹತ್ತಡಿ ಉದ್ದ, ಐದಡಿ ಅಗಲದ ಮೇಜು. ಅದರ ಮೇಲೆ ಚೌಕುಳಿ ಗೆರೆಯ ಕಪ್ಪು ಬಟ್ಟೆ. ಆ ಚೌಕುಳಿಯಿಂದಲೇ ಖಜಾನೆಗೆ ಎಕ್ಸ್‌ಚೆಕರ್ ಎಂಬ ಹೆಸರು ಬಂತು. ಓದು ಬಾರದ ಶೆರಿಫನಿಗೂ ತಿಳಿಯುವಂತೆ ಮನೆಯಿಂದ ಮನೆಗೆ ಬಿಲ್ಲೆ ಸರಿಸಿ ಕೂಡುವುದು, ಕಳೆಯುವುದು. ದುಡ್ಡು ಕಟ್ಟಿದ್ದಕ್ಕೆ ರಸೀದಿ ಒಂದು ಕೋಲು. ಹೇಝಲ್ ಮರದ ಕಡ್ಡಿಯ ಮೇಲೆ ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಇಬ್ಬರಿಗೂ ಒಂದೊಂದು ಸೀಳು. ನಾಳೆ ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡಿದರಾಯಿತು, ಕಚ್ಚಿಗೆ ಕಚ್ಚು ಕೂಡಬೇಕು. ಕೂಡದಿದ್ದರೆ ಯಾರೋ ಕೈಚಳಕ ತೋರಿಸಿದ್ದಾರೆ ಎಂದರ್ಥ. (ಈ ಕೋಲುಗಳ ಕೊನೆ ಚೆನ್ನಾಗಿದೆ. 1834ರ ಅಕ್ಟೋಬರ್ 16ರಂದು, ಬಳಕೆ ತಪ್ಪಿದ ಹಳೆಯ ಕೋಲುಗಳ ರಾಶಿಯನ್ನು ಲಾರ್ಡ್ಸ್ ಸಭೆಯ ನೆಲಮಾಳಿಗೆಯ ಒಲೆಗಳಿಗೆ ತುರುಕಿ ಸುಡಲು ಹೋಗಿ ಇಡೀ ಪಾರ್ಲಿಮೆಂಟ್ ಕಟ್ಟಡವನ್ನೇ ಸುಟ್ಟುಕೊಂಡರು.)

ತನ್ನದರಲ್ಲಿ ಬದುಕುವುದು ಶಾಂತಿಕಾಲದ ಮಾತು. ಜಾನ್ ದೊರೆ 1204ರಲ್ಲಿ ನಾರ್ಮಂಡಿಯನ್ನು ಫ್ರೆಂಚರಿಗೆ ಕಳೆದುಕೊಂಡ. ಅದನ್ನು ವಾಪಸು ಪಡೆಯುವ ಹಟದಲ್ಲಿ ಹತ್ತು ವರ್ಷ ನಾಡನ್ನು ಹಿಂಡಿದ. ಯುದ್ಧಕ್ಕೆ ಬಾರದ ಸಾಮಂತರು ಬದಲಿಗೆ ಕಟ್ಟುವ ಹಣವನ್ನು ಮತ್ತೆ ಮತ್ತೆ ಕೇಳಿದ, ದರ ಏರಿಸಿದ. 1214ರ ಜುಲೈಯಲ್ಲಿ ಬೂವೀನ್‌ನಲ್ಲಿ ಅವನ ಕಡೆಯವರು ಸೋತರು. ಹಣವೂ ಹೋಯಿತು, ಮಾನವೂ ಹೋಯಿತು. ಮರು ವರ್ಷ ಜೂನ್ 15ರಂದು ಥೇಮ್ಸ್ ದಂಡೆಯ ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಬಿತ್ತು. ನಾಡಿನ ಸಮ್ಮತಿಯಿಲ್ಲದೆ ಇಂಥ ಹಣ ಎತ್ತಕೂಡದು ಎಂದು 12ನೇ ಕಲಮು. ಆ ಸಮ್ಮತಿ ಪಡೆಯಲು ಯಾರಿಗೆ ಹೇಗೆ ಓಲೆ ಕಳಿಸಬೇಕು ಎಂದು 14ನೆಯದು.

ಇದು ಬದುಕಿದ್ದು ಹತ್ತು ವಾರ. ಆಗಸ್ಟ್‌ನಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಅದನ್ನು ರದ್ದು ಮಾಡಿದ. ಮರು ವರ್ಷ ಜಾನ್ ಸತ್ತ. ಒಂಬತ್ತು ವರ್ಷದ ಹುಡುಗ ಮೂರನೇ ಹೆನ್ರಿ ಪಟ್ಟಕ್ಕೆ ಬಂದ. ಅವನ ಪರವಾಗಿ ಆಳುತ್ತಿದ್ದ ಹಿರಿಯರು ಸನ್ನದನ್ನು ಮತ್ತೆ ಹೊರಡಿಸಿದರು, ಆದರೆ 12 ಮತ್ತು 14ನೇ ಕಲಮುಗಳನ್ನು ಜಾಣತನದಿಂದ ಕೈಬಿಟ್ಟರು. ಶಾಲಾ ಪುಸ್ತಕ ಕೊಂಡಾಡುವ ಆ ಕಲಮು ಮುಂದಿನ ಯಾವ ಆವೃತ್ತಿಯಲ್ಲೂ ಇಲ್ಲ!

ನನ್ನನ್ನು ಕೇಳಿದರೆ ನೆನಪಿಡಬೇಕಾದ ಇಸವಿ 1215 ಅಲ್ಲ, 1225. ಆ ವರ್ಷ ಹೆನ್ರಿಗೆ ಫ್ರಾನ್ಸಿನಲ್ಲಿ ಉಳಿದಿದ್ದ ನೆಲ ಕಾಪಾಡಿಕೊಳ್ಳಲು ಹಣ ಬೇಕಿತ್ತು. ಎಲ್ಲರ ಚರ ಸ್ವತ್ತಿನ ಹದಿನೈದನೇ ಒಂದು ಭಾಗ ಕೊಡುತ್ತೇವೆ, ಬದಲಿಗೆ ಸನ್ನದು ಹೊರಡಿಸಿ ಎಂದರು ಕೂಡಿದವರು. ದೊರೆ ಒಪ್ಪಿದ. ವಿಶೇಷವೆಂದರೆ ಈ ಕೊಡು–ಕೊಳ್ಳುವ ಮಾತನ್ನು ಸನ್ನದಿನೊಳಗೇ ಬರೆದರು: ಈ ಸ್ವಾತಂತ್ರ್ಯಗಳಿಗೆ ಪ್ರತಿಯಾಗಿ ಇಷ್ಟು ತೆರಿಗೆ ಕೊಟ್ಟಿದ್ದಾರೆ ಅಂತ. ಸುಮಾರು 40,000 ಪೌಂಡ್ ಬಂತು. ಕತ್ತಿ ತೋರಿಸಿ ಬರೆಸಿಕೊಂಡದ್ದು ಹತ್ತು ವಾರ ಬಾಳಿತು, ಬೆಲೆ ಕೊಟ್ಟು ಕೊಂಡದ್ದು ಇಂದಿಗೂ ಕಾನೂನು ಪುಸ್ತಕದಲ್ಲಿದೆ. ಇಂಗ್ಲೆಂಡಿನಲ್ಲಿ ಇವತ್ತಿಗೂ ಜಾರಿಯಲ್ಲಿರುವ ಮ್ಯಾಗ್ನಾ ಕಾರ್ಟಾದ ಕೆಲವೇ ಸಾಲುಗಳು ಈ 1225ರ ಪಠ್ಯದವು.

‘ಪಾರ್ಲಿಮೆಂಟ್’ ಎಂಬ ಪದ ಅರಮನೆಯ ಕಡತದಲ್ಲಿ ಮೊದಲು ಕಾಣುವುದು 1236ರಲ್ಲಿ. ಫ್ರೆಂಚ್ ಮೂಲದ ಆ ಪದಕ್ಕೆ ಮಾತುಕತೆ ಎಂದಷ್ಟೇ ಅರ್ಥ. ಮರು ವರ್ಷ ಆ ಮಾತುಕತೆ ಹೆನ್ರಿಗೆ ಮೂವತ್ತನೇ ಒಂದು ಭಾಗ ಮಂಜೂರು ಮಾಡಿತು. ಅಲ್ಲಿಗೆ ಮುಗಿಯಿತು. ಮುಂದಿನ ಮೂವತ್ತು ವರ್ಷ ದೊರೆ ಕೇಳುತ್ತಲೇ ಹೋದ, ಅವರು ಇಲ್ಲ ಎನ್ನುತ್ತಲೇ ಹೋದರು. ಹೀಗೆ ಕೈಕಟ್ಟಿದ್ದಾಗಲೇ ಅವನಿಗೆ ಸಿಸಿಲಿಯ ಹುಚ್ಚು ಹಿಡಿಯಿತು. ಎರಡನೇ ಮಗ ಎಡ್ಮಂಡನಿಗೆ ಸಿಸಿಲಿಯ ಕಿರೀಟ ಕೊಡಿಸುವುದಾಗಿ ಪೋಪ್ ಹೇಳಿದ್ದಕ್ಕೆ 1,35,541 ಮಾರ್ಕ್ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟ. ಒಂದು ಮಾರ್ಕ್ ಅಂದರೆ ಪೌಂಡಿನ ಮೂರನೇ ಎರಡು ಭಾಗ. ಅಷ್ಟು ಹಣ ಅವನ ಖಜಾನೆಯಲ್ಲಿ ಎಂದೂ ಇರಲಿಲ್ಲ. ಕೈಯಲ್ಲಿ ಕಾಸಿಲ್ಲ, ಮಗನಿಗೆ ಮಾತ್ರ ಸಮುದ್ರದಾಚೆಯ ಸಿಂಹಾಸನ.

1258ರಲ್ಲಿ ಸಾಮಂತರು ತಾಳ್ಮೆ ಕಳೆದುಕೊಂಡರು. ಹದಿನೈದು ಜನರ ಮಂಡಲಿ ಆಡಳಿತ ನೋಡಬೇಕು, ವರ್ಷಕ್ಕೆ ಮೂರು ಪಾರ್ಲಿಮೆಂಟು ಸೇರಬೇಕು ಎಂದು ಆಕ್ಸ್‌ಫರ್ಡಿನಲ್ಲಿ ಕಟ್ಟಳೆ ಮಾಡಿದರು. ಈ ಗುಂಪಿನ ಮುಂದಾಳಾಗಿ ಬೆಳೆದವನು ಸೈಮನ್ ಡಿ ಮಾಂಟ್‌ಫರ್ಟ್. ಫ್ರಾನ್ಸಿನಲ್ಲಿ ಹುಟ್ಟಿದವನು, ದೊರೆಯ ತಂಗಿಯ ಗಂಡ. ಭಾವನೆಂಟರ ಜಗಳ ಯುದ್ಧಕ್ಕೆ ತಿರುಗಿ 1264ರ ಮೇ ತಿಂಗಳಲ್ಲಿ ಲೂಯಿಸ್‌ನಲ್ಲಿ ದೊರೆಯೇ ಸೆರೆ ಸಿಕ್ಕ. 1265ರ ಜನವರಿಯಲ್ಲಿ ಸೈಮನ್ ಕರೆದ ಸಭೆಗೆ ಪ್ರತಿ ಕೌಂಟಿಯಿಂದ ಇಬ್ಬರು ನೈಟ್‌ಗಳಷ್ಟೇ ಅಲ್ಲ, ಪಟ್ಟಣಗಳಿಂದ ಇಬ್ಬಿಬ್ಬರು ಪೇಟೆ ಮಂದಿಯೂ ಬಂದರು. ಇದಕ್ಕಾಗಿ ಅವನನ್ನು ಪಾರ್ಲಿಮೆಂಟಿನ ಪಿತಾಮಹ ಎನ್ನುವುದುಂಟು. ಅಷ್ಟು ಉದಾರಿಯಾಗಲು ನನಗೆ ಮನಸ್ಸು ಬಾರದು. ದೊಡ್ಡ ಸಾಮಂತರು ಅವನ ಕೈಬಿಡುತ್ತಿದ್ದರು, ಬೆಂಬಲಕ್ಕೆ ಕೆಳಗಿನವರನ್ನು ಕರೆಯದೆ ಗತಿಯಿರಲಿಲ್ಲ. ಇದೇ ಸೈಮನ್ 1231ರಲ್ಲಿ ತನ್ನ ಲೆಸ್ಟರ್ ಪಟ್ಟಣದಿಂದ ಯಹೂದಿಗಳನ್ನು ಓಡಿಸಿದವನು. ಆಗಸ್ಟ್ ಬರುವಷ್ಟರಲ್ಲಿ ಈವ್‌ಶಾಮ್ ಕಾಳಗದಲ್ಲಿ ಅವನ ಕಥೆ ಮುಗಿಯಿತು. ಹೆಣವನ್ನು ತುಂಡು ಮಾಡಿದರು. ತಲೆಯನ್ನು ಶತ್ರುವಿನ ಹೆಂಡತಿಗೆ ಉಡುಗೊರೆಯಾಗಿ ಕಳಿಸಿದರು.

ಅವನನ್ನು ಕೊಂದ ಸೇನೆಯ ನಾಯಕ, ಮುಂದೆ ಒಂದನೇ ಎಡ್ವರ್ಡ್ ಆದ ರಾಜಕುಮಾರ, ಸೋತವನ ಉಪಾಯವನ್ನು ಎತ್ತಿಕೊಂಡ. ಗೆದ್ದವರು ಹೀಗೆ ಮಾಡುವುದುಂಟು. ಎಡ್ವರ್ಡ್‌ಗೆ ವೇಲ್ಸ್ ಬೇಕಿತ್ತು, ಸ್ಕಾಟ್ಲೆಂಡ್ ಬೇಕಿತ್ತು, ಫ್ರಾನ್ಸಿನಲ್ಲಿದ್ದ ಗ್ಯಾಸ್ಕನಿ ಉಳಿಯಬೇಕಿತ್ತು. ಚರ ಸ್ವತ್ತಿನ ತೆರಿಗೆ ಎತ್ತುವುದೆಂದರೆ ಹಳ್ಳಿ ಹಳ್ಳಿಗೆ ಹೋಗಿ ದನ, ಧಾನ್ಯ, ಪಾತ್ರೆಗಳಿಗೆ ಬೆಲೆ ಕಟ್ಟುವುದು. ಸಾಮಂತರು ಹೂಂ ಎಂದ ಮಾತ್ರಕ್ಕೆ ಆ ಕೆಲಸ ಆಗುವುದಿಲ್ಲ. ಹಳ್ಳಿಯ ಮಟ್ಟದಲ್ಲಿ ಬೆಲೆ ಕಟ್ಟುವವರು, ವಸೂಲಿ ಮಾಡುವವರು ಈ ನೈಟ್‌ಗಳ ಪೈಕಿಯವರೇ. ಅವರನ್ನು ಕರೆದು ಒಪ್ಪಿಸಿಕೊಂಡರೆ ವಸೂಲಿ ಸಲೀಸು.

ಇಲ್ಲಿ ಅರಮನೆಯ ಗುಮಾಸ್ತರು ಒಂದು ಸಣ್ಣ ಷರತ್ತು ಸೇರಿಸಿದರು. ಬರುವವರು ಬರಿಗೈಯಲ್ಲಿ ಬರಬಾರದು, ತಮ್ಮ ಕೌಂಟಿಯ, ಪಟ್ಟಣದ ಪರವಾಗಿ ಒಪ್ಪಿಕೊಳ್ಳುವ ಪೂರ್ಣ ಅಧಿಕಾರ ಪಡೆದೇ ಬರಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ವಕಾಲತ್ತು ತರಬೇಕು. ‘ಊರಿಗೆ ಹೋಗಿ ಕೇಳಿಕೊಂಡು ಬರುತ್ತೇವೆ ಸ್ವಾಮಿ’ ಎಂದು ನುಣುಚಿಕೊಳ್ಳದಿರಲಿ ಎಂಬುದೇ ಇದರ ಉದ್ದೇಶ. 1295ರ ಹೊತ್ತಿಗೆ ಕರೆಯೋಲೆಯಲ್ಲಿ ಇದು ಕಾಯಂ ಆಯಿತು. ದೊರೆಯ ಅನುಕೂಲಕ್ಕೆ ಮಾಡಿದ ಈ ಏರ್ಪಾಟಿನ ಇನ್ನೊಂದು ಮಗ್ಗುಲು ತಿಳಿಯಲು ನೂರು ವರ್ಷ ಬೇಕಾಯಿತು. ಇಡೀ ಊರಿನ ಪರವಾಗಿ ಹೂಂ ಎನ್ನಬಲ್ಲವನು ಇಡೀ ಊರಿನ ಪರವಾಗಿ ಊಹೂಂ ಎಂದೂ ಹೇಳಬಲ್ಲ.

ಕೊಡು–ಕೊಳ್ಳುವಿಕೆಯಲ್ಲಿ ಯಾವಾಗಲೂ ಸ್ವಾತಂತ್ರ್ಯವನ್ನೇ ಕೊಳ್ಳುತ್ತಿದ್ದರು ಎಂದುಕೊಳ್ಳಬೇಡಿ. 1290ರಲ್ಲಿ ಎಡ್ವರ್ಡ್‌ಗೆ ಸಿಕ್ಕ ಹದಿನೈದನೇ ಒಂದು ಭಾಗ ಸುಮಾರು 1,16,000 ಪೌಂಡ್ ತಂದಿತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದೇ ತೆರಿಗೆಯಿಂದ ಬಂದ ದೊಡ್ಡ ಮೊತ್ತ ಅದು. ಅದರ ಹಿಂದಿದ್ದ ಬೆಲೆ ಯಹೂದಿಗಳ ಗಡೀಪಾರು. ನೈಟ್‌ಗಳಲ್ಲಿ ಬಹಳ ಜನ ಯಹೂದಿ ಲೇವಾದೇವಿಗಾರರಿಗೆ ಸಾಲಗಾರರು. ಸಾಲ ಕೊಟ್ಟವರನ್ನು ದೇಶದಿಂದಲೇ ಓಡಿಸಿದರೆ ತೆರಿಗೆ ಕೊಡುತ್ತೇವೆ ಎಂದರು, ದೊರೆ ಓಡಿಸಿದ. ಯಹೂದಿಗಳು ಇಂಗ್ಲೆಂಡಿಗೆ ಮರಳಿದ್ದು 17ನೇ ಶತಮಾನದಲ್ಲಿ. ಪಾರ್ಲಿಮೆಂಟಿನ ಬೆಳವಣಿಗೆಯನ್ನು ಹಾಡಿ ಹೊಗಳುವ ಪುಸ್ತಕಗಳು ಈ ಪುಟವನ್ನು ಬೇಗ ಮಗುಚಿಬಿಡುತ್ತವೆ.

ಇನ್ನು ಉಣ್ಣೆ. ಇಂಗ್ಲಿಷ್ ಕುರಿಯ ಉಣ್ಣೆಯಿಲ್ಲದೆ ಫ್ಲಾಂಡರ್ಸಿನ ಮಗ್ಗಗಳು ನಿಂತುಹೋಗುತ್ತಿದ್ದವು. ಒಂದು ಮೂಟೆ ಎಂದರೆ 364 ಪೌಂಡ್ ತೂಕ, ನಮ್ಮ ಲೆಕ್ಕದಲ್ಲಿ ಸುಮಾರು 165 ಕಿಲೋ. 1275ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯಿಂದಲೇ ಮೂಟೆಗೆ 6 ಶಿಲಿಂಗ್ 8 ಪೆನ್ಸ್ ಸುಂಕ ಗೊತ್ತಾಗಿತ್ತು. ಯುದ್ಧ ಬಿಗಿಯಾದಾಗ ಎಡ್ವರ್ಡ್ ಅದನ್ನು 40 ಶಿಲಿಂಗ್‌ಗೆ ಏರಿಸಿದ. ಆರು ಪಟ್ಟು! ವರ್ಷಕ್ಕೆ 30,000 ಮೂಟೆ ಹಡಗೇರಿದರೆ 60,000 ಪೌಂಡ್. ಬಂದರಿನಲ್ಲಿ ತಕ್ಕಡಿ ಹಿಡಿದು ನಿಂತರೆ ಸಾಕು, ಹಳ್ಳಿ ಸುತ್ತಬೇಕಿಲ್ಲ. ವರ್ತಕರೇನೂ ನಷ್ಟ ಮಾಡಿಕೊಳ್ಳಲಿಲ್ಲ. ಸುಂಕ ಹೆಚ್ಚಾದಷ್ಟೂ ಕುರಿ ಸಾಕುವವನಿಗೆ ಕೊಡುವ ಬೆಲೆ ಇಳಿಸಿದರು. ಹೊಡೆತ ಬಿದ್ದದ್ದು ಹುಲ್ಲುಗಾವಲಿನಲ್ಲಿ. ಆ ಹುಲ್ಲುಗಾವಲಿನ ಒಡೆಯರೇ ಪಾರ್ಲಿಮೆಂಟಿಗೆ ಬರುವ ನೈಟ್‌ಗಳು.

1297ರಲ್ಲಿ ಕಟ್ಟೆ ಒಡೆಯಿತು. ತಾನು ಫ್ಲಾಂಡರ್ಸಿಗೆ ಹೋಗುತ್ತೇನೆ, ನೀವು ಗ್ಯಾಸ್ಕನಿಗೆ ಹೋಗಿ ಎಂದು ಎಡ್ವರ್ಡ್ ಸಾಮಂತರಿಗೆ ಹೇಳಿದ. ನಾರ್ಫೋಕ್‌ನ ಅರ್ಲ್ ರೋಜರ್ ಬಿಗೋಡ್ ಒಪ್ಪಲಿಲ್ಲ. ಹೋಗದಿದ್ದರೆ ನೇಣಿಗೆ ಹಾಕಿಸುತ್ತೇನೆ ಎಂದು ದೊರೆ ದೇವರ ಮೇಲೆ ಆಣೆ ಇಟ್ಟನಂತೆ. ಅರ್ಲನೂ ಅದೇ ದೇವರ ಮೇಲೆ ಆಣೆ ಇಟ್ಟು, ತಾನು ಹೋಗುವುದೂ ಇಲ್ಲ, ನೇಣಿಗೇರುವುದೂ ಇಲ್ಲ ಎಂದನಂತೆ. ಆ ಕಾಲದ ವೃತ್ತಾಂತಕಾರ ಬರೆದಿಟ್ಟ ಜಗಳ ಇದು, ಮಾತು ಹೀಗೇ ಇತ್ತೋ ಏನೋ. ದೊರೆ ಫ್ಲಾಂಡರ್ಸ್ ತಲುಪಿದ್ದಾಗ ಸೆಪ್ಟೆಂಬರ್ 11ರಂದು ಸ್ಟರ್ಲಿಂಗ್ ಸೇತುವೆಯ ಬಳಿ ಸ್ಕಾಟರು ಅವನ ಸೇನೆಯನ್ನು ಹೊಡೆದುರುಳಿಸಿದರು. ಒಂದೇ ತಿಂಗಳೊಳಗೆ ಸನ್ನದುಗಳನ್ನು ಮತ್ತೆ ದೃಢಪಡಿಸಿ, ನಾಡಿನ ಒಪ್ಪಿಗೆಯಿಲ್ಲದೆ ಇಂಥ ತೆರಿಗೆ ಎತ್ತುವುದಿಲ್ಲವೆಂದು ಬರೆದುಕೊಟ್ಟು, 40 ಶಿಲಿಂಗ್ ಸುಂಕ ಬಿಟ್ಟುಕೊಡಬೇಕಾಯಿತು.

ಮಗ ಎರಡನೇ ಎಡ್ವರ್ಡ್‌ನ ಕಾಲದ ಗೊಂದಲವನ್ನು ಬಿಟ್ಟುಬಿಡೋಣ. 1327ರ ಜನವರಿಯಲ್ಲಿ ಅವನನ್ನು ಪಟ್ಟದಿಂದಿಳಿಸಿದಾಗ ಪಾರ್ಲಿಮೆಂಟಿಗೆ ಸೇರಿದ್ದವರನ್ನು ಸಾಕ್ಷಿಗೆ ನಿಲ್ಲಿಸಿಕೊಂಡರು, ಅಷ್ಟು ಸಾಕು. ನಿಜವಾದ ಬೆಳೆ ಬಂದದ್ದು ಮೊಮ್ಮಗ ಮೂರನೇ ಎಡ್ವರ್ಡ್‌ನ ಕಾಲಕ್ಕೆ. 1337ರಲ್ಲಿ ಫ್ರಾನ್ಸಿನೊಂದಿಗೆ ಶುರುವಾದ ಯುದ್ಧ ಅವನ ಆಯುಷ್ಯದಲ್ಲಿ ಮುಗಿಯಲಿಲ್ಲ. ವರ್ಷ ವರ್ಷ ಕೈಯೊಡ್ಡಬೇಕು, ವರ್ಷ ವರ್ಷ ಏನಾದರೂ ಬಿಟ್ಟುಕೊಡಬೇಕು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆಯಿಲ್ಲ ಎಂದು 1340ರಲ್ಲಿ ಶಾಸನವಾಯಿತು. ಉಣ್ಣೆ ಸುಂಕಕ್ಕೆ ಮಾತ್ರ ಅವನು ವರ್ತಕರನ್ನು ಬೇರೆ ಕೂರಿಸಿಕೊಂಡು ವ್ಯವಹಾರ ಕುದುರಿಸುತ್ತಿದ್ದ. 1362ರಲ್ಲಿ ಆ ಹಿಂಬಾಗಿಲಿಗೂ ಬೀಗ ಬಿತ್ತು.

ಈ ಹೊತ್ತಿಗೆ ಕೌಂಟಿಯವರೂ ಪೇಟೆಯವರೂ ಲಾರ್ಡ್‌ಗಳಿಂದ ಬೇರೆಯಾಗಿ ಕೂತು ಚರ್ಚಿಸುತ್ತಿದ್ದರು. ಇವರೇ ‘ಕಾಮನ್ಸ್’. ಕನ್ನಡದಲ್ಲಿ ನಾವು ಅದನ್ನು ‘ಸಾಮಾನ್ಯರ ಸಭೆ’ ಎಂದು ಅನುವಾದಿಸಿಕೊಂಡು ತಪ್ಪು ದಾರಿ ಹಿಡಿದಿದ್ದೇವೆ. ಆ ಪದದ ಬೇರು ‘ಸಮುದಾಯ’: ಕೌಂಟಿ ಎಂಬ ಸಮುದಾಯ, ಪಟ್ಟಣ ಎಂಬ ಸಮುದಾಯ. ಬಂದವರು ಸಾಮಾನ್ಯರೇನೂ ಆಗಿರಲಿಲ್ಲ. 37 ಕೌಂಟಿಗಳ 74 ನೈಟ್‌ಗಳಿಗೆ ಊರಿನವರೇ ದಿನಕ್ಕೆ 4 ಶಿಲಿಂಗ್ ಭತ್ಯೆ ಕೊಡಬೇಕು, ಪೇಟೆಯವನಿಗೆ 2 ಶಿಲಿಂಗ್. ಕೂಲಿಯವನ ದಿನದ ಸಂಬಳ ಮೂರೋ ನಾಲ್ಕೋ ಪೆನ್ಸ್ ಇದ್ದ ಕಾಲ ಅದು, 12 ಪೆನ್ಸಿಗೆ ಒಂದು ಶಿಲಿಂಗ್.

1376ರ ವಸಂತದಲ್ಲಿ ಅವರು ಸೇರಿದ್ದು ವೆಸ್ಟ್‌ಮಿನ್‌ಸ್ಟರ್ ಮಠದ ಎಂಟು ಮೂಲೆಯ ಸಭಾಗೃಹದಲ್ಲಿ. ಗೋಡೆಯುದ್ದಕ್ಕೂ ಕಲ್ಲಿನ ಜಗಲಿ, ನಟ್ಟನಡುವೆ ಸನ್ಯಾಸಿಗಳು ಗ್ರಂಥ ಓದಲು ಇಟ್ಟುಕೊಂಡ ವ್ಯಾಸಪೀಠ. ಮೊದಲು ಒಳಗಿನ ಮಾತು ಹೊರಗೆ ಹೋಗದಂತೆ ಎಲ್ಲರೂ ಪ್ರಮಾಣ ಮಾಡಿದರು. ಆಮೇಲೆ ದಕ್ಷಿಣ ಸೀಮೆಯ ನೈಟ್ ಒಬ್ಬ ಎದ್ದು, ನಡುವಿನ ಪೀಠಕ್ಕೆ ಬಂದು, ಕೊಟ್ಟು ಕೊಟ್ಟು ಸಾಕಾಗಿದೆ, ಕೊಟ್ಟದ್ದು ಎಲ್ಲಿ ಹೋಯಿತು ಎಂದು ಕೇಳಿದ. ಅವನು ಕೂತ, ಇನ್ನೊಬ್ಬ ಎದ್ದ. ಕೊನೆಗೆ ಹೆರೆಫರ್ಡ್‌ಶೈರಿನ ಪೀಟರ್ ಡಿ ಲಾ ಮೇರ್ ಎದ್ದು, ಎಲ್ಲರ ಮಾತನ್ನೂ ಒಟ್ಟುಮಾಡಿ ಎಷ್ಟು ಚೆನ್ನಾಗಿ ಹೇಳಿದನೆಂದರೆ, ದೊರೆಯ ಕಡೆಯವರ ಮುಂದೆ ನೀನೇ ನಮ್ಮ ಬಾಯಿ ಆಗು ಎಂದರು. ಸ್ಪೀಕರ್ ಎಂದರೆ ಅಷ್ಟೇ ಅರ್ಥ. ಈಗಿನ ಸ್ಪೀಕರ್ ಬೇರೆಯವರ ಬಾಯಿ ಮುಚ್ಚಿಸುವವರು, ಆಗಿನವನು ಬಾಯಿ ಬಿಡಬೇಕಾದವನು.

ಅರಮನೆಗೆ ಹೋದಾಗ ಬಾಗಿಲಲ್ಲಿ ಕೆಲವರನ್ನಷ್ಟೇ ಒಳಗೆ ಬಿಟ್ಟರು. ದೊರೆಗೆ ಕಾಯಿಲೆ, ಮಗ ಜಾನ್ ಆಫ್ ಗಾಂಟ್ ಅಧ್ಯಕ್ಷನಾಗಿ ಕೂತಿದ್ದ. ಏನು ಸಮಾಚಾರ ಎಂದು ಅವನು ಕೇಳಿದರೆ ಪೀಟರ್ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಒಬ್ಬನ ಮಾತು ಎಲ್ಲರ ಮಾತು, ಹೊರಗೆ ನಿಂತವರು ಒಳಗೆ ಬರುವ ತನಕ ಮಾತಿಲ್ಲ ಎಂದ. ಅವರನ್ನು ಕರೆಸಿದ ಮೇಲೇ ಆರೋಪಗಳ ಗಂಟು ಬಿಚ್ಚಿದ್ದು. ಲಂಡನ್ ವರ್ತಕ ರಿಚರ್ಡ್ ಲೈಯನ್ಸ್ ಮತ್ತು ಅರಮನೆಯ ಅಧಿಕಾರಿ ವಿಲಿಯಂ ಲ್ಯಾಟಿಮರ್ ಸೇರಿಕೊಂಡು ದೊರೆಗೆ 20,000 ಮಾರ್ಕ್ ಸಾಲ ಕೊಟ್ಟ ಶಾಸ್ತ್ರ ಮಾಡಿ 30,000 ವಸೂಲಿ ಮಾಡುತ್ತಿದ್ದಾರೆ ಎಂಬುದು ಅದರಲ್ಲೊಂದು. ಲೈಯನ್ಸ್ ದಿಗಿಲುಬಿದ್ದು, ಮೀನಿನ ಪೀಪಾಯಿ ಎಂದು ಹೇಳಿ ಅದರೊಳಗೆ ಚಿನ್ನ ತುಂಬಿ ಪಟ್ಟದ ರಾಜಕುಮಾರನಿಗೆ ಕಳಿಸಿದನಂತೆ. ಸಾಯುವ ಹಾಸಿಗೆಯಲ್ಲಿದ್ದ ರಾಜಕುಮಾರ ಪೀಪಾಯಿಯನ್ನು ಹಿಂದಕ್ಕೆ ಕಳಿಸಿದನಂತೆ. ಕಾಮನ್ಸ್ ಆರೋಪ ಹೊರಿಸುವುದು, ಲಾರ್ಡ್‌ಗಳು ತೀರ್ಪು ಕೊಡುವುದು ಎಂಬ ಪದ್ಧತಿ, ಇಂದು ಪತ್ರಿಕೆಗಳಲ್ಲಿ ನಾವು ವಾಗ್ದಂಡನೆ ಎಂದು ಬರೆಯುವುದು, ಶುರುವಾದದ್ದು ಹೀಗೆ. ಉಣ್ಣೆ ಸುಂಕ ಮುಂದುವರಿಯಲಿ ಎಂದರು, ಹೊಸ ತೆರಿಗೆ ಮಾತ್ರ ಕೊಡಲಿಲ್ಲ.

ಆರು ತಿಂಗಳಲ್ಲಿ ಎಲ್ಲ ನೀರುಪಾಲು. ಲ್ಯಾಟಿಮರ್‌ಗೆ ಕ್ಷಮೆ ಸಿಕ್ಕಿತು. ಪೀಟರ್ ನಾಟಿಂಗ್‌ಹ್ಯಾಮ್ ಕೋಟೆಯ ಸೆರೆಮನೆಯಲ್ಲಿ ಕೂತ. 1377ರ ಪಾರ್ಲಿಮೆಂಟಿನಲ್ಲಿ ಥಾಮಸ್ ಹಂಗರ್‌ಫರ್ಡ್ ಸ್ಪೀಕರ್. ಕಡತದಲ್ಲಿ ಆ ಪದವಿಯ ಹೆಸರಿನೊಂದಿಗೆ ದಾಖಲಾದ ಮೊದಲಿಗ ಇವನೇ. ಯಾರಿವನು? ಜಾನ್ ಆಫ್ ಗಾಂಟ್‌ನ ಪಾರುಪತ್ಯಗಾರ. ಹಾಗಂತ ಪೀಟರನನ್ನು ಸ್ವತಂತ್ರ ವೀರ ಎನ್ನಲೂ ಆಗದು, ಅವನು ಗಾಂಟ್‌ನ ಎದುರಾಳಿ ಅರ್ಲ್ ಆಫ್ ಮಾರ್ಚ್‌ನ ಪಾರುಪತ್ಯಗಾರ. ದೊಡ್ಡವರ ಜಗಳದ ಸಂದಿಯಲ್ಲಿ ಸಣ್ಣವರು ನಿಲ್ಲಲು ಜಾಗ ಮಾಡಿಕೊಂಡರು. ಹೊಸ ದೊರೆ ಎರಡನೇ ರಿಚರ್ಡ್ ಬಂದ ಮೇಲೆ ಪೀಟರ್ ಬಿಡುಗಡೆಯಾಗಿ ಮತ್ತೆ ಸ್ಪೀಕರ್ ಆದ. ಕೊಟ್ಟ ತೆರಿಗೆ ಯುದ್ಧಕ್ಕೇ ಖರ್ಚಾಗುವಂತೆ ನೋಡಿಕೊಳ್ಳಲು ಇಬ್ಬರು ಲಂಡನ್ ವರ್ತಕರನ್ನು ನೇಮಿಸಿದ್ದು ಆಗಲೇ.

ಕಾಮನ್ಸ್ ಒಪ್ಪಿದರೆ ನಾಡು ಒಪ್ಪಿದ ಹಾಗೆಯೇ? 1380ರಲ್ಲಿ ನಾರ್ತಾಂಪ್ಟನ್‌ನಲ್ಲಿ ಸೇರಿದಾಗ ಸರಕಾರ ಕೇಳಿದ್ದು 1,60,000 ಪೌಂಡ್. ತಮ್ಮ ಜಮೀನಿಗೆ, ತಮ್ಮ ಉಣ್ಣೆಗೆ ಹೊರೆಯಾಗದಂತೆ ಕಾಮನ್ಸ್ ಆರಿಸಿಕೊಂಡದ್ದು ತಲೆತೆರಿಗೆ. ಹದಿನೈದು ದಾಟಿದ ಗಂಡಸು, ಹೆಂಗಸು, ತಲೆಗೊಂದು ಶಿಲಿಂಗ್. ಅರ್ಲನಿಗೂ ಆಳಿಗೂ ಹೆಚ್ಚುಕಡಿಮೆ ಒಂದೇ ಅಳತೆ. ವಿಧಿವತ್ತಾಗಿ ಚರ್ಚಿಸಿ, ವಿಧಿವತ್ತಾಗಿ ಒಪ್ಪಿದ ತೆರಿಗೆ ಅದು, 1215ರ ಸಾಮಂತರು ಹುಡುಕಿದರೂ ತಪ್ಪು ಸಿಗದು. ಮರು ವರ್ಷ ಬೇಸಗೆಯಲ್ಲಿ ಎಸೆಕ್ಸ್, ಕೆಂಟ್‌ನ ರೈತರು ಲಂಡನ್ನಿಗೆ ನುಗ್ಗಿದರು. ತೆರಿಗೆ ಕೇಳಿದ ಚಾನ್ಸಲರ್, ಆರ್ಚ್‌ಬಿಷಪ್ ಸಡ್ಬರಿಯ ತಲೆ, ಖಜಾಂಚಿ ಹೇಲ್ಸ್‌ನ ತಲೆ ಟವರ್ ಹಿಲ್ಲಿನಲ್ಲಿ ಉರುಳಿದವು. ಅದೇ ದಿನ ಪೇಟೆ ಬೀದಿಯಲ್ಲಿ ಹಳೆಯ ರಿಚರ್ಡ್ ಲೈಯನ್ಸ್‌ನ ತಲೆಯೂ ಹೋಯಿತು. ರೈತರ ವಕಾಲತ್ತು ಯಾರ ಕೈಯಲ್ಲೂ ಇರಲಿಲ್ಲ.

1399ರಲ್ಲಿ ರಿಚರ್ಡ್‌ನನ್ನು ಇಳಿಸಿ ನಾಲ್ಕನೇ ಹೆನ್ರಿ ಕಿರೀಟ ಕಿತ್ತುಕೊಂಡ. ಹೀಗೆ ಬಂದವನಿಗೆ ಯಾರನ್ನೂ ಎದುರು ಹಾಕಿಕೊಳ್ಳುವ ಧೈರ್ಯವಿರುವುದಿಲ್ಲ. ಕಾಮನ್ಸ್ ಅದರ ವಾಸನೆ ಹಿಡಿದರು. ನಮ್ಮ ಅಹವಾಲಿಗೆ ಮೊದಲು ಉತ್ತರ ಕೊಡಿ, ದುಡ್ಡಿನ ಮಾತು ಆಮೇಲೆ ಎಂದು 1401ರಲ್ಲಿ ಕೇಳಿದರು. ಅಂಥ ಪದ್ಧತಿಯಿಲ್ಲ ಎಂದ ಹೆನ್ರಿ. ಆದರೂ ತೆರಿಗೆಗೆ ಒಪ್ಪಿಗೆ ಸಿಗುತ್ತಿದ್ದದ್ದು ಅಧಿವೇಶನದ ಕೊನೆಗೇ. 1406ರ ಪಾರ್ಲಿಮೆಂಟು ಮಾರ್ಚ್‌ನಿಂದ ಡಿಸೆಂಬರ್ 22ರ ತನಕ ಎಳೆಯಿತು, ಅಷ್ಟು ದೀರ್ಘ ಅಧಿವೇಶನ ಅದಕ್ಕೆ ಮೊದಲು ಆಗಿರಲಿಲ್ಲ. ಲೆಕ್ಕ ತೋರಿಸಿ ಎಂದು ಇವರು, ಲೆಕ್ಕ ಒಪ್ಪಿಸುವುದು ಅರಸರಿಗೆ ರೂಢಿಯಿಲ್ಲ ಎಂದು ಅವನು. ಕೊನೆಗೆ ಒಪ್ಪಿಸಿದ.

1407ರಲ್ಲಿ ಗ್ಲಾಸ್ಟರ್‌ನಲ್ಲಿ ನಡೆದದ್ದು ನಮಗೂ ಸಂಬಂಧಪಟ್ಟದ್ದು. ಹೆನ್ರಿ ಮೊದಲು ಲಾರ್ಡ್‌ಗಳನ್ನು ಕೇಳಿ ಇಷ್ಟು ತೆರಿಗೆ ಎಂದು ಗೊತ್ತುಮಾಡಿಕೊಂಡು, ‘ನಿಮ್ಮಲ್ಲಿ ಹನ್ನೆರಡು ಜನರನ್ನು ಕಳಿಸಿ, ತಿಳಿಸುತ್ತೇವೆ’ ಎಂದು ಕಾಮನ್ಸ್‌ಗೆ ಹೇಳಿದ. ಕಾಮನ್ಸ್ ಸಿಡಿದೆದ್ದರು: ಇದು ನಮ್ಮ ಹಕ್ಕಿಗೆ ಭಂಗ. ದೊರೆ ಹಿಂದೆ ಸರಿದು ಅಪ್ಪಣೆ ಕೊಡಿಸಿದ. ಎರಡೂ ಕಡೆಯವರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳಲಿ, ಒಮ್ಮತಕ್ಕೆ ಬರುವ ತನಕ ದೊರೆಯ ಕಿವಿಗೆ ಹಾಕಬಾರದು, ಬಂದ ಮೇಲೆ ಕಾಮನ್ಸ್‌ನ ಸ್ಪೀಕರ್ ಬಾಯಿಂದಲೇ ಅದು ಬರಬೇಕು. ತೆರಿಗೆ ಕೊಡುವವರು ಕಾಮನ್ಸ್, ಲಾರ್ಡ್‌ಗಳದ್ದು ಹೂಂಗುಟ್ಟುವ ಪಾಲು. ನಮ್ಮ ಸಂವಿಧಾನದ ಪ್ರಕಾರ ಧನ ವಿಧೇಯಕ ಹುಟ್ಟುವುದು ದಿಲ್ಲಿಯಲ್ಲಾದರೆ ಲೋಕಸಭೆಯಲ್ಲಿ, ಬೆಂಗಳೂರಿನಲ್ಲಾದರೆ ವಿಧಾನಸಭೆಯಲ್ಲಿ. ವಿಧಾನ ಪರಿಷತ್ತು ಅದನ್ನು 14 ದಿನ ಇಟ್ಟುಕೊಳ್ಳಬಹುದೇ ಹೊರತು ತಡೆಯಲಾಗದು. ಇದರ ವಂಶವೃಕ್ಷ ಹತ್ತಿಕೊಂಡು ಹೋದರೆ ಗ್ಲಾಸ್ಟರ್‌ನ ಆ ಸಿಟ್ಟು ಸಿಗುತ್ತದೆ. ಬಜೆಟ್ಟಿನಲ್ಲಿ ಇಲಾಖೆಗಳಿಗೆ ಹಣ ಕೇಳುವುದಕ್ಕೆ ನಾವಿನ್ನೂ ‘ಬೇಡಿಕೆ’ ಎನ್ನುತ್ತೇವೆ. ಬೇಡುವವನು ಸರಕಾರ, ಕೊಡುವವನು ಸದನ.

ಇದೆಲ್ಲ ಏಣಿಯ ಮೆಟ್ಟಿಲಿನ ಹಾಗೆ ಮೇಲೆ ಮೇಲೇ ಹೋಯಿತೆಂದು ತಿಳಿಯಬಾರದು. 1430ರ ಹೊತ್ತಿಗೆ ಕೌಂಟಿಗಳಲ್ಲಿ ಮತ ಹಾಕಲು ವರ್ಷಕ್ಕೆ 40 ಶಿಲಿಂಗ್ ಹುಟ್ಟುವಳಿಯ ಸ್ವಂತ ಜಮೀನು ಇರಬೇಕೆಂದು ಶಾಸನ ಮಾಡಿ, ಬಾಗಿಲನ್ನು ಕಿರಿದು ಮಾಡಿದವರು ಇದೇ ಪಾರ್ಲಿಮೆಂಟಿನವರು. ಆ ನಿಯಮ ನಾನೂರು ವರ್ಷ ನಡೆಯಿತು. ಇನ್ನು ದೊರೆಯ ಜೇಬು ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ನಾಲ್ಕನೇ ಎಡ್ವರ್ಡ್‌ನನ್ನು ನೋಡಬೇಕು. 1475ರಲ್ಲಿ ದೊಡ್ಡ ಸೇನೆ ಕಟ್ಟಿಕೊಂಡು ಫ್ರಾನ್ಸಿಗೆ ಹೋದವನು ಯುದ್ಧ ಮಾಡದೆಯೇ ಬಂದ. ಕೈಗೆ 75,000 ಕ್ರೌನ್, ಮುಂದೆ ವರ್ಷ ವರ್ಷ 50,000 ಕ್ರೌನ್ ಕೊಡುತ್ತೇನೆ, ಮನೆಗೆ ಹೋಗು ಎಂದ ಫ್ರಾನ್ಸಿನ ದೊರೆ. ಆಮೇಲೆ ಅವನು ಸಾಯುವ ತನಕದ ಎಂಟು ವರ್ಷದಲ್ಲಿ ಪಾರ್ಲಿಮೆಂಟು ಸೇರಿದ್ದು ಎರಡೇ ಸಲ. ಏಳನೇ ಹೆನ್ರಿ ಇನ್ನೂ ಜಿಪುಣ, ಯುದ್ಧವೆಂದರೆ ದೂರ. 24 ವರ್ಷದ ಆಳ್ವಿಕೆಯಲ್ಲಿ ಏಳು ಪಾರ್ಲಿಮೆಂಟು, ಕೊನೆಯ ಹನ್ನೆರಡು ವರ್ಷದಲ್ಲಿ ಒಂದೇ ಒಂದು.

ಫ್ರಾನ್ಸಿನ ದೊರೆಗಳು ಇದೇ ಪಾಠವನ್ನು ಮೊದಲೇ ಕಲಿತಿದ್ದರು. ಅಲ್ಲಿಯೂ 1302ರಿಂದ ಎಸ್ಟೇಟ್ಸ್ ಜನರಲ್ ಎಂಬ ಸಭೆ ಇತ್ತು. 1439ರ ನಂತರ ಏಳನೇ ಚಾರ್ಲ್ಸ್ ಯುದ್ಧದ ಹೆಸರಿನಲ್ಲಿ ತೆರಿಗೆಯನ್ನು ವರ್ಷ ವರ್ಷ ಕೇಳದೆಯೇ ಎತ್ತತೊಡಗಿದ. ಅಲ್ಲಿನ ಕುಲೀನರು ತಕರಾರು ಮಾಡಲಿಲ್ಲ, ಏಕೆಂದರೆ ಅವರಿಗೆ ತೆರಿಗೆಯಿಂದ ವಿನಾಯಿತಿ ಇತ್ತು. ಇಂಗ್ಲೆಂಡಿನ ಅರ್ಲನ ಕುರಿಗೂ ಸುಂಕ, ನೈಟ್‌ನ ಕುರಿಗೂ ಸುಂಕ. ಜಗಳವಾಡಲು ಇಬ್ಬರಿಗೂ ಕಾರಣವಿತ್ತು.

ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮಸೂದೆಗೆ ಅರಸರ ಅಂಕಿತವನ್ನು ವಿಧ್ಯುಕ್ತ ಸಮಾರಂಭದಲ್ಲಿ ಸಾರುವುದಾದರೆ, ಅದು ಈಗಲೂ ಹಳೆಯ ನಾರ್ಮನ್ ಫ್ರೆಂಚಿನಲ್ಲಿ. ಗುಮಾಸ್ತರು ಎದ್ದು ನಿಂತು ‘ಲ ರ್ವಾ ಲ ವೋ’ ಎನ್ನುತ್ತಾರೆ: ಅರಸರಿಗೆ ಒಪ್ಪಿಗೆಯಿದೆ. ಬೇಡವೆನ್ನಲೂ ಒಂದು ಮಾತಿದೆ, ಅರಸರು ಯೋಚಿಸುತ್ತಾರೆ ಅಂತ. ಅದು ಕೊನೆಯ ಸಲ ಕೇಳಿಸಿದ್ದು 1708ರಲ್ಲಿ, ಆನ್ ರಾಣಿಯ ಕಾಲದಲ್ಲಿ. ತೆರಿಗೆಯ ಮಸೂದೆ ಬಂದರೆ ಮಾತ್ರ ಗುಮಾಸ್ತರು ಬೇರೆ ವಾಕ್ಯ ಹೇಳುತ್ತಾರೆ, ಸ್ವಲ್ಪ ಉದ್ದದ್ದು: ಅರಸರು ತಮ್ಮ ಒಳ್ಳೆಯ ಪ್ರಜೆಗಳಿಗೆ ಕೃತಜ್ಞತೆ ಹೇಳುತ್ತಾರೆ, ಅವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ, ಹಾಗೆಯೇ ಆಗಲಿ ಎನ್ನುತ್ತಾರೆ. ಬೇರೆ ಯಾವ ಮಸೂದೆಗೂ ಕೃತಜ್ಞತೆ ಇಲ್ಲ.